ನೀರು ಕುಡಿದ ನಾಣ್ಯ

ಕಾರವಾರದಲ್ಲಿ ಮೀನು ಮಾರುವ ಮಂಕಾಳಿಯ ತಾಯಿ ಸತ್ತಳು. ಹಣೆಗೆ ಬೆಳ್ಳಿ ನಾಣ್ಯ ಇಡದೆ ಹೆಣ ಎತ್ತುವ ಪದ್ಧತಿ ಆ ಕೇರಿಯಲ್ಲಿಲ್ಲ. ತಾಯಿಯ ನಾಣ್ಯವೋ, ತೊಳೆಯಲು ಕೊಟ್ಟಿದ್ದು, ಅಕ್ಕಸಾಲಿ ದತ್ತಾ ಶೇಟರ ಅಂಗಡಿಯಲ್ಲೇ ಉಳಿದಿತ್ತು.

ಅದು ಗೋವೆಯ ಹಳೆಯ ಪೋರ್ಚುಗೀಸ್ ರೂಪಾಯಿ, ಒಳ್ಳೆಯ ಬೆಳ್ಳಿಯದು. ಪೋರ್ಚುಗೀಸರು ಹೊರಡುವ ಕಾಲದ ರೂಪಾಯಿಗಳಲ್ಲಿ ಬರೀ ನಿಕ್ಕಲ್ ಬೆರಕೆ. ಬಣ್ಣ ಬಿಳಿ, ಬೆಲೆ ಸೊನ್ನೆ. ಅಂಥವುಗಳ ನಡುವೆ ಶೇಟರು ಅವಳ ನಾಣ್ಯವನ್ನು ಬಚ್ಚಿಟ್ಟಿದ್ದರು, ಗುರುತು ಸಿಗದಂತೆ ಎಲ್ಲದರ ಮುಖವನ್ನೂ ಅರದಿಂದ ಉಜ್ಜಿ. ತಟ್ಟೆ ತುಂಬ ಕಣ್ಣು ಮೂಗಿಲ್ಲದ ನಾಣ್ಯಗಳು.

"ನಿಂದು ಇದೇ," ಎಂದು, ನಾಣ್ಯ ಕೇಳಲು ಬಂದ ಮಂಕಾಳಿಯತ್ತ ಒಂದನ್ನು ಎಸೆದರು.

"ಅಲ್ಲ ಶೇಟ್ರೇ."

"ಹಾಗಾದ್ರೆ ನಿನ್ನ ಅಮ್ಮನೇ ಬಂದು ಗುರುತು ಹೇಳಲಿ!"

"ಆಗ್ಲಿ."

ಮಂಕಾಳಿ ಮನೆಗೆ ಹೋಗಿ, ಹೆಣದ ಪಕ್ಕ ಇಟ್ಟಿದ್ದ ಮಂಜುಗಡ್ಡೆಯನ್ನು ಒಡೆದು ತಂದಳು.

"ಅಮ್ಮನ ಮಗ್ಗುಲಿಂದ ತಂದದ್ದು. ಅವಳಿಗೆ ಬಾಯಾರಿಕೆ. ತನ್ನ ನಾಣ್ಯ ಸಿಕ್ಕಿದ್ರೆ ಕುಡೀತಾಳೆ," ಎನ್ನುತ್ತ ಪ್ರತಿ ನಾಣ್ಯದ ಮೇಲೂ ಒಂದೊಂದು ಚೂರು ಇಟ್ಟಳು.

ಎಲ್ಲ ಚೂರುಗಳೂ ಹಾಗೇ ಕೂತಿದ್ದವು. ನಡುವಿನದೊಂದು ಮಾತ್ರ, ಯಾರೋ ನೆಕ್ಕಿದಂತೆ, ಕಣ್ಣೆದುರೇ ಕರಗಿಹೋಯಿತು.

ಶೇಟರು ತಟ್ಟೆಯಿಂದ ಹಿಂದೆ ಸರಿದರು.

"ನೀವು ಹೀಗೇ ಕದ್ದು ಕುಲುಮೆಗೆ ಹಾಕಿದ ನಾಣ್ಯಗಳ ಸತ್ತ ಒಡತಿಯರನ್ನೂ ಕರೀಲಾ?"

"ಬೇಡ ಮಾರಾಯ್ತಿ! ತಗೊಂಡು ಹೋಗು!"

ಜೊತೆಗೆ ಬಂದಿದ್ದ ನೆರೆಮನೆಯ ಗೌರಕ್ಕ ದಾರಿಯಲ್ಲಿ, "ಇದೆಂಥ ಮಾಟನೇ?" ಎಂದಳು.

ಮಂಕಾಳಿ ನಕ್ಕಳು. "ಬೆಳ್ಳಿ ಮೇಲೆ ಮಂಜುಗಡ್ಡೆ ಕರಗ್ದೆ ನಿಲ್ಲೂದಿಲ್ಲ ಅಕ್ಕಾ. ಬೆಳ್ಳಿ ಉಂಗುರ ಹಾಕ್ಕೊಂಡು ಮಂಜಲ್ಲಿ ಮೀನು ತುಂಬ್ಸೋ ಕೈಗೆ ಅದು ಗೊತ್ತು."

ಮನೆಯಲ್ಲಿ ನಾಣ್ಯವನ್ನು ಹಣೆಗಿಡಲು ಬಗ್ಗಿದಳು. ನಗು ಅಲ್ಲೇ ನಿಂತಿತು.

ಬೆಳಗಿನಿಂದ ಒಣಗಿದ್ದ ಅಮ್ಮನ ತುಟಿ ಒದ್ದೆಯಾಗಿತ್ತು.