ದಲ್ಲಾಳಿಯನ್ನು ನಂಬದ ತಕ್ಕಡಿ

ರೇಷ್ಮೆಗೂಡಿನ ಮಂಡಿಯ ಹಳೇ ಎಲೆಕ್ಟ್ರಾನಿಕ್ ತಕ್ಕಡಿಗೆ ಜೊತೆಯಾಗಿದ್ದ ಕಂಪ್ಯೂಟರ್ ತೀರಿಹೋಯಿತು. ಹೊಸದಾಗಿ ಬಂದ ಲ್ಯಾಪ್‌ಟಾಪಿಗೆ ತಕ್ಕಡಿಯ ಸೀರಿಯಲ್ ವೈರು ಕೂರುವ ಜಾಗವೇ ಇರಲಿಲ್ಲ. ಮಂಡಿಯ ಮುದ್ದಹನುಮಯ್ಯ ನಡುವೆ ಅಡಾಪ್ಟರ್ ಸಿಕ್ಕಿಸಿ, "ತೂಕ ಸರಿ ಬರದಿದ್ರೆ ತಕ್ಕಡಿ ಗುಜರಿಗೆ" ಅಂದ.

"ನೀನು ಹೇಳಣ್ಣಾ, ನಾನು ಮುಟ್ಟಿಸ್ತೀನಿ" ಅಂದಿತು ಅಡಾಪ್ಟರ್.

"ಹಳೇ ಕಂಪ್ಯೂಟರ್ ಹತ್ರ ನಾನು ನೇರ ಮಾತಾಡ್ತಿದ್ದೆ. ನಡುವೆ ದಲ್ಲಾಳಿ ಇರಲಿಲ್ಲ" ಅಂದಿತು ತಕ್ಕಡಿ.

ಮಂಡಿಯ ದಲ್ಲಾಳಿಗಳು ರೈತರ ತೂಕದಲ್ಲಿ ಮುರಿದುಕೊಳ್ಳೋದನ್ನು ಅದು ದಿನಾ ನೋಡಿತ್ತು. ಇವನೂ ಒಂದು ಕಿಲೋ ನುಂಗೇ ನುಂಗ್ತಾನೆ ಅಂದುಕೊಂಡು, ಇಪ್ಪತ್ತು ಕಿಲೋ ಗೂಡನ್ನು ಇಪ್ಪತ್ತೊಂದು ಅಂತ ಹೇಳಿತು.

ಅಡಾಪ್ಟರ್ ಒಂದು ಗ್ರಾಮೂ ಮುಟ್ಟದೆ ದಾಟಿಸಿತು. ಗೂಡು ಕೊಂಡವನು ತಕರಾರೆತ್ತಿದ. ಮುದ್ದಹನುಮಯ್ಯ ಇಪ್ಪತ್ತು ಕಿಲೋ ತೂಕದ ಕಲ್ಲಿಟ್ಟ. ತಕ್ಕಡಿ ಅದಕ್ಕೂ ಒಂದು ಸೇರಿಸಿ ಮತ್ತೆ ಇಪ್ಪತ್ತೊಂದು ಅಂದಿತು. "ಸುಳ್ಳು ತಕ್ಕಡಿ, ಎತ್ತಿ ಆಚೆ ಹಾಕ್ರೋ" ಅಂದ.

"ನಡುವಿರೋನೇ ಕಳ್ಳ!" ಎಂದು ತಕ್ಕಡಿ ಕೂಗಿತು.

ಆ ಮಾತನ್ನೂ ಅಡಾಪ್ಟರ್ ಒಂದಕ್ಷರ ಬಿಡದೆ ದಾಟಿಸಿತು.