ಎಂಜಿನ್ ಮನೆಯ ರಕ್ಕಸಿ

“ಕೇಳಿರಪ್ಪೋ ಕೇಳಿ! ನೀರೆತ್ತುವ ಎಂಜಿನ್ ಮನೆಯಲ್ಲಿ ಕೂತ ರಕ್ಕಸಿಯ ಮೂರು ಒಗಟು ಬಿಡಿಸಿ, ಎಂಜಿನ್ ಓಡಿಸಿದವರಿಗೆ ರಾಜಕುಮಾರಿ, ಅರ್ಧ ರಾಜ್ಯ. ತಪ್ಪಿದವರ ಉಸಿರು ರಕ್ಕಸಿಯದು!”

ಕೆಂಗಲ್ಲುಪುರದ ರಾಜ ಹೀಗೆ ಡಂಗುರ ಹೊಡೆಸಿದ್ದೇ ತಡ, ಆಸೆಬುರುಕರು ಸಾಲುಗಟ್ಟಿದರು. ಮೊದಲು ಹೋದವನು ಬೊಮ್ಮಣ್ಣ, ಎಂಜಿನ್ ರಿಪೇರಿಯಲ್ಲಿ ಎತ್ತಿದ ಕೈ. ಈಗ ಎಂಜಿನ್ ಮನೆಯ ಹೊರಗಿನ ಪಡಸಾಲೆಯಲ್ಲಿ ಉಸಿರಿಲ್ಲದೆ ಮಲಗಿದ್ದಾನೆ. ಸತ್ತಿಲ್ಲ, ಬದುಕಿಯೂ ಇಲ್ಲ. ಹೊತ್ತು ಮುಳುಗಿದರೆ ಮತ್ತೆ ಏಳುವುದಿಲ್ಲ. ತಮ್ಮ ತಿಪ್ಪೇಶಿಗೆ ರಾಜಕುಮಾರಿ ಯಾಕೆ ಬೇಕು? ಅವನಿಗಿದ್ದದ್ದು ಅಣ್ಣನೊಬ್ಬನೇ. ರಿಪೇರಿ ಕೆಲಸದ ಮಸಿ ಅಂಗಿಯಲ್ಲೇ ಹೋಗಿ ಸಾಲಿನಲ್ಲಿ ನಿಂತ.

ಒಳಗಿನಿಂದ ರಕ್ಕಸಿಯ ದನಿ ಮೆಲ್ಲಗೆ ಬಂತು. “ಎದುರುಬದುರು ಕೂತವರು ಇಬ್ಬರು. ಮುಟ್ಟಿಕೊಂಡರೂ ಮನೆ ಕತ್ತಲು, ದೂರ ಸರಿದರೂ ಕತ್ತಲು. ಯಾರವರು? ನಡುವೆ ಎಷ್ಟು ಜಾಗ?”

“ಸೂರ್ಯ ಚಂದ್ರರು” ಎಂದ ಆಸ್ಥಾನ ಪಂಡಿತ, ಹಾಗೇ ಕುಸಿದ. “ಗಂಡ ಹೆಂಡತಿ” ಎಂದ ಸೇನಾಪತಿಯ ಮಗನೂ ಕುಸಿದ. ನಿಂತ ಎಂಜಿನ್ನಿನ ಸಿಲಿಂಡರಿನೊಳಗೆ ಯಾರೋ ಉಸಿರೆಳೆದುಕೊಂಡ ಸದ್ದಾಯಿತು.

ತಿಪ್ಪೇಶಿಯ ಸರದಿ. ಅದೇ ಒಗಟು ಈಗ ಸತ್ತಂತೆ ಬಿದ್ದಿದ್ದ ಪಂಡಿತನ ದನಿಯಲ್ಲಿ ಕೇಳಿಸಿತು.

“ಎಂಜಿನ್ನಿಗೆ ಕಿಡಿ ಕೊಡೋ ಸ್ಪಾರ್ಕ್ ಪ್ಲಗ್ಗಿನ ಎರಡು ತುದಿಗಳು, ತಾಯೀ.” “ನಡುವೆ ಗರಗಸದ ಬ್ಲೇಡು ತೂರುವಷ್ಟು ಜಾಗ.”

“ನಿಮ್ಮಣ್ಣ ‘ದೂರ ಇದ್ದಷ್ಟೂ ಕಿಡಿ ದೊಡ್ಡದು’ ಅಂದ” ಎಂದಳು ರಕ್ಕಸಿ.

“ರಿಪೇರಿಯವರು ಮಾಡೋ ತಪ್ಪೇ ಅದು. ಜಾಗ ಅತಿಯಾದ್ರೆ ಕಿಡಿ ಹಾರೋದೇ ಇಲ್ಲ.”

ಎರಡನೆಯದು ಸೇನಾಪತಿಯ ಮಗನ ದನಿಯಲ್ಲಿ ಬಂತು. “ಬೆಂಕಿಯ ಮನೆಯಲ್ಲಿ ನನ್ನ ಮೂಗು. ತಣ್ಣಗಿದ್ದರೆ ಮಸಿ ಹಿಡಿಯುತ್ತದೆ, ಅತಿ ಕಾದರೆ ಅಪ್ಪಣೆಗೆ ಮೊದಲೇ ಬೆಂಕಿ ಹಚ್ಚುತ್ತದೆ. ಸುಖವಾಗಿದ್ದಾಗ ಅದರ ಬಣ್ಣವೇನು?”

“ಪ್ಲಗ್ಗಿನ ನಡುವಿನ ಕಡ್ಡಿಯ ಸುತ್ತಲಿನ ಪಿಂಗಾಣಿ ಅದು. ಹಾಲು ಜಾಸ್ತಿ ಹಾಕಿದ ಕಾಫಿ ಬಣ್ಣ. ಮಸಿ ತಾನೇ ಸುಟ್ಟುಹೋಗುವಷ್ಟು ಬಿಸಿ, ಅದಕ್ಕಿಂತ ಹೆಚ್ಚಲ್ಲ.”

ಆಮೇಲೆ ಬೊಮ್ಮಣ್ಣನ ದನಿ. “ತಿಪ್ಪಾ, ನನಗೆ ಚೂಪಿದ್ದರೆ ಬೆಂಕಿ ನನ್ನನ್ನೇ ಹುಡುಕಿಕೊಂಡು ಬರುತ್ತದೆ. ಬಂದು ಬಂದು ನನ್ನನ್ನೇ ತಿನ್ನುತ್ತದೆ. ನಾನು ಯಾರೋ?”

ತಿಪ್ಪೇಶಿಗೆ ಅಳು ಬಂತು. ಬಾಯಿಬಿಟ್ಟರೆ ‘ಅಣ್ಣಾ’ ಎಂದೇ ಬರುತ್ತಿತ್ತು, ಅಂದಿದ್ದರೆ ಕತೆ ಮುಗಿದೇ ಹೋಗುತ್ತಿತ್ತು. ಹಲ್ಲುಕಚ್ಚಿ ಹೇಳಿದ. “ಆ ನಡುವಿನ ಕಡ್ಡಿಯ ಅಂಚು. ಕಿಡಿ ಚೂಪಾದ ಅಂಚಿನಿಂದ ಸುಲಭವಾಗಿ ಹಾರುತ್ತೆ. ಹಾರಿದಷ್ಟು ಸಲವೂ ಚೂರು ತಿನ್ನುತ್ತೆ. ಅಂಚು ಗುಂಡಾದ್ರೆ ಕಿಡಿ ಮೊಂಡುಬೀಳುತ್ತೆ.”

ಒಳಗಿನಿಂದ ಸವೆದ ಪ್ಲಗ್ಗೊಂದು ಅವನ ಕಾಲಬಳಿ ಉರುಳಿಬಂತು. ತಿಪ್ಪೇಶಿ ಅಂಚನ್ನು ಅರದಿಂದ ತೀಡಿ, ಜಾಗ ಸರಿಮಾಡಿ, ಒಳಹೊಕ್ಕು ಎಂಜಿನ್ನಿಗೆ ಕೂರಿಸಿ ಹಿಡಿಕೆ ತಿರುವಿದ. ಒಂದು ‘ಢಬ್’, ಪಡಸಾಲೆಯಲ್ಲಿ ಸೇನಾಪತಿಯ ಮಗ ಕೆಮ್ಮಿದ. ಇನ್ನೊಂದು, ಪಂಡಿತ ಎದ್ದು ಕೂತ. ಹೀಗೆ ಕೊನೆಗೆ ಹೋದವರು ಮೊದಲು ಎದ್ದರು. ಮೊದಲು ಹೋದವನ ಸರದಿ ಬರುವಷ್ಟರಲ್ಲಿ ಎಂಜಿನ್ ನಿಂತಿತು. ತಿಪ್ಪೇಶಿ ಮತ್ತೆ ತಿರುವಿದ. ಢಬ್.

ನೀರು ಧುಮುಕಿತು. ರಕ್ಕಸಿಯ ಸುಳಿವಿಲ್ಲ. ರಾಜ ಓಡಿಬಂದು ಮಗಳ ಕೈಯನ್ನೂ ಅರ್ಧ ರಾಜ್ಯವನ್ನೂ ಮುಂದಿಟ್ಟ.

“ಮದುವೆ ಮಾತು ರಾಜಕುಮಾರಿ ಅಮ್ಮಾವ್ರನ್ನೇ ಕೇಳಿ, ಬುದ್ಧೀ” ಎಂದ ತಿಪ್ಪೇಶಿ. “ಸದ್ಯಕ್ಕೆ ಒಂದು ಚೊಂಬು ನೀರು ಕೊಡಿಸಿ. ನಮ್ಮಣ್ಣ ಕಣ್ಣು ಬಿಟ್ಟವ್ನೆ.”