ಕೆಮ್ಮು ಇದ್ದ ಪದ

ಹೊಳೆಯ ದಂಡೆಯಲ್ಲಿ ಒಂದು ಮಠ. ಅಲ್ಲಿಯ ಗುರುಗಳನ್ನು ಊರವರೆಲ್ಲ ಅಜ್ಜಾರು ಎಂದು ಕರೆಯುತ್ತಿದ್ದರು. ಅವರಿಗೆ ಮಾತು ಕಡಿಮೆ. ಸಂಜೆಯಾದರೆ ಏಕತಾರಿ ಹಿಡಿದು ತತ್ವಪದ ಹಾಡುತ್ತಿದ್ದರು.

ಶಿಷ್ಯ ಸಂಗಯ್ಯ ಓದಿದವನು. ಹಾಡುವವರು ಸತ್ತಂತೆ ಅವರ ಪದಗಳೂ ಸಾಯುತ್ತಿವೆ ಎಂದು ಮರುಗಿ, ಅಂತರ್ಜಾಲದಲ್ಲಿ ‘ಪದದ ಕಟ್ಟೆ’ ಎಂಬ ತಾಣ ತೆರೆದಿದ್ದ. ದುಡಿಯಲು ದೂರ ಹೋದವರು ತಮಗೆ ಬರುವ ಪದವನ್ನು ಮೊಬೈಲಿನಲ್ಲಿ ಹಾಡಿ ಅಲ್ಲಿಗೆ ಹಾಕುವರು. ಕೇಳಿದವರು ಕೆಳಗೆ ‘ಶರಣು’ ಎಂದು ಬರೆಯುವರು. ಬಂದ ಪದಗಳನ್ನು ಸಂಗಯ್ಯ ಅಜ್ಜಾರಿಗೂ ಕೇಳಿಸುತ್ತಿದ್ದ.

ಜನ ಹೆಚ್ಚಿದರು. ನಿಯಮ ಬೇಕಾಯಿತು. ಒಮ್ಮೆ ಹಾಕಿದ ಪದವನ್ನು ಮತ್ತೆ ಹಾಕಬಾರದು ಎಂಬುದು ಅದರಲ್ಲಿ ಮುಖ್ಯವಾದದ್ದು. ಮೀರಿದವರಿಗೆ ಕಳಿಸುವ ಎಚ್ಚರಿಕೆಯನ್ನು ಸಂಗಯ್ಯ ಬರೆದ, ಅಳಿಸಿದ, ತಿದ್ದಿದ, ಮೇಲೆ ಮಠದ ಚಿತ್ರವನ್ನೂ ಇಟ್ಟ. ಕೊನೆಗೆ ಎದೆಯುಬ್ಬಿಸಿಕೊಂಡು ಅಜ್ಜಾರ ಮುಂದೆ ಓದಿದ.

“ಮಾನ್ಯರೇ, ತಾವು ಕಟ್ಟೆಯ ನಿಯಮವನ್ನು ಉಲ್ಲಂಘಿಸಿದ್ದೀರಿ. ದಯವಿಟ್ಟು ಪುನರಾವರ್ತಿಸಬೇಡಿ. ತಪ್ಪಿದಲ್ಲಿ ತಮ್ಮ ಪ್ರವೇಶವನ್ನು ನಿರ್ಬಂಧಿಸಲಾಗುವುದು.”

ಓದಿ ಮುಗಿಸಿ ಕೇಳಿದ. “ಹೆಂಗೈತ್ರಿ ಅಜ್ಜಾರ? ಒಂದೂ ಬಿರುಸು ಮಾತಿಲ್ಲ.”

“ಯಾರಿಗಿ ಬರದಿ ಇದನ್ನ?”

“ಯಾರ ತಪ್ಪ ಮಾಡ್ತಾರ, ಅವರಿಗ್ರಿ.”

ಅಜ್ಜಾರು ಸುಮ್ಮನಾದರು. ಸಂಗಯ್ಯ ಅದನ್ನೇ ಒಪ್ಪಿಗೆ ಎಂದುಕೊಂಡ. ತನ್ನ ಬರಹವನ್ನು ತಾನೇ ಮೆಚ್ಚಿಕೊಂಡವನಿಗೆ ಗುರುವಿನ ಮೌನವೂ ಶಹಬ್ಬಾಸ್ ಎಂದೇ ಕೇಳಿಸುತ್ತದೆ.

ಕಟ್ಟೆಯಲ್ಲಿ ಲಗಮವ್ವ ಎಂಬ ಹೆಸರಿನಿಂದ ಒಂದು ಪದ ಬರುತ್ತಿತ್ತು. ಹೆಸರು ಹೆಣ್ಣಿನದು, ದನಿ ಗಂಡಿನದು. ಎರಡನೆಯ ನುಡಿಯಲ್ಲಿ ಹಾಡುವವನಿಗೆ ಕೆಮ್ಮು ಬರುತ್ತಿತ್ತು. ತಡೆದುಕೊಂಡು ಮುಂದೆ ಹಾಡುತ್ತಿದ್ದ. ಪ್ರತಿ ಅಮಾವಾಸ್ಯೆಗೂ ಅದೇ ಪದ, ಅದೇ ಕೆಮ್ಮು.

ಸಂಗಯ್ಯ ಎಚ್ಚರಿಕೆ ಕಳಿಸಿದ. ಮುಂದಿನ ಅಮಾವಾಸ್ಯೆಗೆ ಪದ ಮತ್ತೆ ಬಂತು. ಮತ್ತೊಮ್ಮೆ ಕಳಿಸಿದ, ಮತ್ತೆ ಬಂತು. ಅವನಿಗೆ ಸಿಟ್ಟು ನೆತ್ತಿಗೇರಿತು. ಲಗಮವ್ವನಿಗೆ ಕಟ್ಟೆಯ ಬಾಗಿಲು ಮುಚ್ಚಿದ. ಕೆಮ್ಮಿರುವ ಪದ ಯಾರಿಗೆ ಬೇಕು ಎಂದು ಮೊದಲು ಹಾಕಿದ್ದನ್ನೂ ಸೇರಿಸಿ ಎಲ್ಲವನ್ನೂ ಅಳಿಸಿಬಿಟ್ಟ.

ಮುಂದಿನ ಅಮಾವಾಸ್ಯೆಯ ಸಂಜೆ ಅಜ್ಜಾರು ಕೇಳಿದರು. “ಆ ಕೆಮ್ಮಿನ ಪದ ಇವತ್ತ ಬರಲಿಲ್ಲಲ್ಲೋ?”

ಸಂಗಯ್ಯ ನಡೆದದ್ದನ್ನು ಹೇಳಿದ. ಹೇಳುವಾಗ ದನಿಯಲ್ಲಿ ಒಂದಿಷ್ಟು ಗೆಲುವೂ ಇತ್ತು.

“ಆಕಿಗಿ ಫೋನ್ ಹಚ್ಚು,” ಎಂದರು ಅಜ್ಜಾರು. “ನೀ ಬರದದ್ದನ್ನ ಬಾಯಿಲೆ ಓದಿ ಹೇಳು.”

ಕಟ್ಟೆ ಸೇರಿದವರ ನಂಬರು ಅವನಲ್ಲಿತ್ತು. ಹಚ್ಚಿದ. ಆ ಕಡೆ ಯಾವುದೋ ಕಟ್ಟಡದ ಕೆಲಸ ನಡೆದಿತ್ತು. ಕಾಂಕ್ರೀಟು ಕಲಸುವ ಯಂತ್ರದ ಗದ್ದಲದ ನಡುವೆ ಒಂದು ಹೆಣ್ಣುದನಿ ಯಾರು ಎಂದು ಕೇಳಿತು. ಮಠದಿಂದ ಎಂದ ಕೂಡಲೇ ಆ ದನಿ ಮೆತ್ತಗಾಯಿತು. ಅವನು ಮಾನ್ಯರೇ ಎಂದು ಓದಲು ಶುರುಮಾಡುವ ಮೊದಲೇ ಅವಳು ಮಾತು ತೆಗೆದಳು.

ಪದ ಅವಳ ತಮ್ಮ ಯಮನಪ್ಪನದು. ಊರಲ್ಲಿದ್ದಾಗ ಭಜನೆ ಮೇಳದಲ್ಲಿ ಹಾಡುತ್ತಿದ್ದನಂತೆ. ಕಟ್ಟಡದ ಕೆಲಸಕ್ಕೆ ಬಂದ ಮೇಲೆ ಅಕ್ಕನ ಫೋನಿನಿಂದ ನೇರವಾಗಿ ಕಟ್ಟೆಗೆ ಹಾಡಿದ್ದು ಅದೊಂದೇ; ಬೇರೆಲ್ಲೂ ಅವನ ದನಿ ಉಳಿದಿರಲಿಲ್ಲ. ಆಮೇಲೆ ಗೋಡೆಗೆ ಕಟ್ಟಿದ ಸಾರುವೆಯಿಂದ ಬಿದ್ದು ಸತ್ತ. ಅವರ ಊರಲ್ಲಿ ಸತ್ತವರ ಹೆಸರಲ್ಲಿ ಅಮಾವಾಸ್ಯೆಗೆ ಮೇಳ ಕೂಡಿ ಪದ ಹಾಡಬೇಕು. ಕೆಲಸದ ಜಾಗದಲ್ಲಿ ಮೇಳ ಎಲ್ಲಿಂದ ತರುವುದು? ಪದದ ಪಕ್ಕದ ಗುಂಡಿ ಒತ್ತಿದರೆ ಅದು ಮತ್ತೆ ಮೇಲೆ ಬರುತ್ತದೆ ಎಂದು ಯಮನಪ್ಪನೇ ತೋರಿಸಿಕೊಟ್ಟಿದ್ದ. ಅವಳು ಅಮಾವಾಸ್ಯೆಗೊಮ್ಮೆ ಆ ಗುಂಡಿ ಒತ್ತುತ್ತಿದ್ದಳು. ಓದು ಬರಹ ಬಾರದು. ಕೆಳಗೆ ಅಕ್ಷರಗಳು ಮೂಡುವುದನ್ನು ಕಂಡು, ಮಂದಿ ಬಂದು ಕೂತರು ಎಂದುಕೊಳ್ಳುತ್ತಿದ್ದಳು.

“ಮಠದ ಚಿತ್ರ ಇದ್ದ ಕಾಗದ ನನ್ನ ಫೋನಿಗೆ ಬಂದಿತ್ರಿ,” ಎಂದಳು. “ಅಜ್ಜಾರು ಆಶೀರ್ವಾದ ಕಳಿಸ್ಯಾರ ಅಂತ ಕಣ್ಣಿಗೊತ್ತಿಕೊಂಡೆ. ಈಗ ಫೋನ್ ಕೆಟ್ಟಂಗೈತಿ, ಕಟ್ಟಿ ತೆರೀವಲ್ದು. ನನ್ನ ತಮ್ಮನ ಪದ ಅಲ್ಲಿ ಜ್ವಾಕಿ ಐತಿಲ್ರಿ?”

ಸಂಗಯ್ಯ ಸುಳ್ಳು ಹೇಳಿ ಫೋನ್ ಇಡಬಹುದಿತ್ತು. ಅಜ್ಜಾರು ಎದುರಿಗೇ ಕೂತಿದ್ದರು.

“ಇಲ್ಲವ್ವಾ. ನಾನ ಅಳಿಸೀನಿ.”

ಅವಳು ಹೆದರಿ ಹೆದರಿ ಕೇಳಿದಳು.

“ಅವ ಏನರ ತಪ್ಪ ಹಾಡಿದ್ನೇನ್ರಿ?”

ಅಷ್ಟರಲ್ಲಿ ಅಲ್ಲಿ ಯಾರೋ ಅವಳನ್ನು ಕೆಲಸಕ್ಕೆ ಕೂಗಿದರು. ಬರ್ತೀನ್ರೀಪಾ ಎಂದು ಅವಳೇ ಫೋನ್ ಇಟ್ಟಳು.

ಅವನು ಹೊಳೆಯ ಮೆಟ್ಟಿಲ ಮೇಲೆ ಕೂತು ಅತ್ತ. ಅಳಿಸಿದ್ದನ್ನು ಮರಳಿ ತರಲು ಆಗುತ್ತದೆಯೇ ಎಂದು ತಾಣದ ಮೂಲೆ ಮೂಲೆ ಹುಡುಕಿದ. ಸಿಗಲಿಲ್ಲ.

ಅಜ್ಜಾರು ಬಂದು ಪಕ್ಕದಲ್ಲಿ ಕೂತರು. “ಅಮಾಸಿಗೊಮ್ಮೆ ನಾನೂ ಕೇಳೀನಿ ಆ ಪದ,” ಎಂದರು. “ಇದು ಯಾರದಪಾ ಅಂತ ನಾನೂ ಕೇಳಲಿಲ್ಲ.”

ಅವರ ಕಣ್ಣುಗಳೂ ಒದ್ದೆಯಾಗಿದ್ದವು. ಏಕತಾರಿ ಎತ್ತಿಕೊಂಡು ಆ ಪದವನ್ನೇ ಹಾಡಿದರು. ಎರಡನೆಯ ನುಡಿಯಲ್ಲಿ, ಯಮನಪ್ಪ ಕೆಮ್ಮುತ್ತಿದ್ದ ಜಾಗ ಬಂದಾಗ, ಹಾಡು ನಿಲ್ಲಿಸಿದರು. ಅವನಿಗೆ ಕೆಮ್ಮಲು ಬೇಕಾದಷ್ಟು ಹೊತ್ತು ಬಿಟ್ಟು, ಮುಂದಿನ ಸಾಲು ಹಿಡಿದರು.

ಸಂಗಯ್ಯ ಅದನ್ನು ಮೊಬೈಲಿನಲ್ಲಿ ತುಂಬಿಕೊಂಡ. “ಆಕಿಗಿ ಕಳಸ್ತೀನ್ರಿ,” ಎಂದ. “ಆದ್ರ ಇದು ಅವನ ದನಿ ಅಲ್ಲಲ್ರಿ.”

“ಅಲ್ಲ.”

ಕತ್ತಲು ಇಳಿಯತೊಡಗಿತ್ತು. ಸಂಗಯ್ಯ ಮೊಬೈಲಿನಲ್ಲಿದ್ದ ತನ್ನ ಎಚ್ಚರಿಕೆಯನ್ನು ಇನ್ನೊಮ್ಮೆ ನೋಡಿ, ಒಂದೊಂದೇ ಮಾತನ್ನು ಅಳಿಸಿದ.

“ಇನ್ನ ಮ್ಯಾಲೆ ನಿಯಮ ಮೀರಿದವರಿಗಿ ಏನಂತ ಬರೀಲ್ರಿ, ಅಜ್ಜಾರ?”

“ಇದು ಯಾರ ದನಿ ಅಂತ ಮೊದಲ ಕೇಳು. ಅವರು ಹೇಳಿ ಮುಗಸೂ ತನಕ ನಿನ್ನ ನಿಯಮ ಹೊರಗ ಕುಂದರಲಿ.”